ಮಾಳಪ್ಪನ ತಂತಿ

ಹೋದ ತಿಂಗಳು ಇಳಕಲ್ಲಿನಲ್ಲಿ ಬಳಗದವರ ಮದುವೆ ಇತ್ತು. ಊಟ ಮುಗಿಸಿ, ಬಾಗಲಕೋಟೆಗೆ ವಾಪಸಾಗಲೆಂದು ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಕೂತಿದ್ದೆ. ಪಕ್ಕದ ಬೆಂಚಿನ ಮೇಲೆ ಇಬ್ಬರು ಟೆಂಪೊ ಡ್ರೈವರುಗಳು ಮಾತಾಡುತ್ತಿದ್ದರು. ಹುನಗುಂದದ ಕಡೆ ದೊಡ್ಡ ಕಾರ್ಖಾನೆ ಬರುತ್ತದಂತೆ ಎಂದು ಒಬ್ಬ ಹೇಳಿದ. ಇನ್ನೊಬ್ಬ ಕಪ್ಪು ಕೆಳಗಿಟ್ಟು, "ಏ ಬಿಡಲೇ, ಅದೆಲ್ಲಾ ಮಾಳಪ್ಪನ ತಂತಿ" ಅಂದ.

ನನ್ನ ಕೈಯಲ್ಲಿದ್ದ ಚಹಾ ಅಲ್ಲಿಯೇ ನಿಂತಿತು.

"ತಮ್ಮಾ, ಏನಂದಿ?" ಎಂದು ಕೇಳಿದೆ.

"ಸುಳ್ಳ ಸುದ್ದಿ ಅಂದೆ ರಿ. ನಮ್ಮ ಕಡಿ ಹಂಗಂತಾರ."

"ಮಾಳಪ್ಪ ಅಂದ್ರ ಯಾರು?"

"ಯಾರಿಗ್ಗೊತ್ರಿ. ಹಿಂದಕ ಯಾವನರೆ ಸುಳ್ಳ ಹೇಳಾಂವ ಇದ್ದಿರಬೇಕು."

ಅಷ್ಟರಲ್ಲಿ ನನ್ನ ಬಸ್ಸು ಬಂತು. ನಾನು ಹತ್ತಲಿಲ್ಲ. ಮಾಳಪ್ಪ ಸುಳ್ಳು ಹೇಳಿದವನಲ್ಲ ಎಂದು ಖಾತ್ರಿಯಾಗಿ ಬಲ್ಲವನು, ಈಗ ಬದುಕಿರುವವರಲ್ಲಿ ಬಹುಶಃ ನಾನೊಬ್ಬನೇ. ಆ ಮಾತು ಹುಟ್ಟುವುದಕ್ಕೆ ಕಾರಣನೂ ನಾನೇ. ನಲವತ್ತು ವರ್ಷಕ್ಕೂ ಮೇಲಾಯಿತು, ಅದು ನನ್ನ ಹೊಟ್ಟೆಯೊಳಗೇ ಉಳಿದಿದೆ ಎಂದುಕೊಂಡಿದ್ದೆ. ಅದು ಊರೂರು ತಿರುಗಿ, ಬೆಂಚಿನ ಮೇಲೆ ಕೂತ ಡ್ರೈವರನ ಬಾಯಿಗೂ ಬಂದಿದೆ ಎಂದು ನನಗೆ ಗೊತ್ತಿರಲಿಲ್ಲ.

ಅದು ಎಪ್ಪತ್ತರ ದಶಕದ ಕೊನೆಯ ಮಾತು. ಧಾರವಾಡದಲ್ಲಿ ಕೃಷಿ ಪದವಿ ಮುಗಿಸಿ ನೌಕರಿಗೆ ಸೇರಿ ವರ್ಷ ತುಂಬಿರಲಿಲ್ಲ, ನೌಕರಿ ಕಾಯಂ ಆಗಿರಲಿಲ್ಲ. ಹುನಗುಂದ ತಾಲೂಕಿಗೆ ಹಾಕಿದ್ದರು. ಆ ವರ್ಷ ಮಳೆ ಹದವಾಗಿ ಬಿದ್ದು ಎರೆ ಹೊಲಗಳಲ್ಲಿ ಹೈಬ್ರಿಡ್ ಹತ್ತಿ ಎದೆಮಟ ಬೆಳೆದಿತ್ತು. ಬೆಳೆ ಹುಲುಸಾಗಿ ಬಂದಂತೆ ಕಾಯಿ ಕೊರೆಯುವ ಹುಳುವೂ ಹುಲುಸಾಗಿ ಬಂತು. ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆದರೆ ಒಂದು ಊರಿನ ಹೊಲ ಮುಗಿಯುವುದರೊಳಗೆ ಇನ್ನೊಂದು ಊರಿನ ಬೆಳೆ ಹುಳುವಿನ ಪಾಲಾಗುತ್ತಿತ್ತು. ಅದಕ್ಕೇ ಮೇಲಿನಿಂದ ಔಷಧ ಹೊಡೆಯಲು ಒಂದು ಸಣ್ಣ ಹೆಲಿಕಾಪ್ಟರ್ ಬಂತು. ಆ ಊರಿನ ಹೆಸರು ಬರೆಯುವುದಿಲ್ಲ. ಇಳಕಲ್ಲಿನಿಂದ ಆರೇಳು ಮೈಲಿ ಎಂದರೆ ಸಾಕು.

ಹೆಲಿಕಾಪ್ಟರ್ ಎಂದರೆ ಈಗ ಮಂತ್ರಿಗಳು ಇಳಿಯುವ ದೊಡ್ಡದನ್ನು ನೆನೆಯಬೇಡಿ. ಇದರ ಮುಂದೆ ಒಂದು ಗಾಜಿನ ಬುರುಡೆ, ಹಿಂದೆ ಎಲುಬಿನಂಥ ಕಬ್ಬಿಣದ ಬಾಲ, ಎರಡೂ ಬದಿಗೆ ಔಷಧದ ಡಬ್ಬಿ, ಅಡ್ಡಕ್ಕೆ ತೂತುಗಳಿರುವ ಉದ್ದನೆಯ ಕೊಳವೆ. ಊರ ಹೆಂಗಸರು ಅದಕ್ಕೆ 'ಹಾರೂ ಗಿರಣಿ' ಎಂದು ಹೆಸರಿಟ್ಟರು. ಸದ್ದು ಹಿಟ್ಟಿನ ಗಿರಣಿಯದೇ, ಆದರೆ ಹತ್ತು ಗಿರಣಿಗಳದು. ಊರ ಹೊರಗಿನ ಮಡ್ಡಿಯ, ಅಂದರೆ ಕಲ್ಲು ದಿಬ್ಬದ ಮೇಲೆ ಅದರ ಠಾಣ್ಯ. ಬೆಳಕು ಹರಿದಾಗ ಶುರುವಾಗಿ, ಗಾಳಿ ಏಳುವ ಹೊತ್ತಿಗೆ, ಅಂದರೆ ಒಂಬತ್ತರ ಸುಮಾರಿಗೆ ಕೆಲಸ ನಿಲ್ಲುತ್ತಿತ್ತು.

ನನ್ನ ಕೆಲಸ ನೆಲದ ಮೇಲಿನದು. ಯಾವ ಹೊಲದಲ್ಲಿ ಮರ, ಎಲ್ಲಿ ಕಂಬ, ಎಲ್ಲಿ ಗುಡಿಯ ಶಿಖರ ಎಂದು ಮೊದಲೇ ಸುತ್ತಾಡಿ ನಕಾಶೆಯಲ್ಲಿ ಕೆಂಪು ಪೆನ್ಸಿಲ್ಲಿನಿಂದ ಗುರುತು ಮಾಡಬೇಕು. ಹಾರುವ ಹೊತ್ತಿನಲ್ಲಿ ಮಡ್ಡಿ ಬಿಟ್ಟು ಕದಲಬಾರದು. ಹೊಸದಾಗಿ ಏನೇ ತಿಳಿದರೂ ಪೈಲಟ್‌ಗೆ ಹೇಳಬೇಕು. ನಾನು ಇಳಕಲ್ಲಿನಲ್ಲಿ ನೇಕಾರರ ಮನೆಯೊಂದರಲ್ಲಿ ಬಾಡಿಗೆಗಿದ್ದೆ. ಔಷಧಕ್ಕೆ ಕೊಳೆತ ಬೆಳ್ಳುಳ್ಳಿಯ ವಾಸನೆ. ಮಧ್ಯಾಹ್ನ ಮನೆಗೆ ಬಂದರೆ ಮನೆಯ ಯಜಮಾನ ಮಗ್ಗದ ಕುಣಿಯಿಂದಲೇ, "ಅರಿವಿ ಹೊರಗ ಬಿಚ್ಚಿ ಬರ್ರಿ ಸಾಹೇಬ್ರ, ನೂಲಿಗಿ ವಾಸನಿ ಹತ್ತಿದ್ರ ಸೀರಿ ಯಾರ ಉಡ್ತಾರ" ಎನ್ನುತ್ತಿದ್ದ. ನಾನು ಪಂಚೆ ಸುತ್ತಿಕೊಂಡು ಒಳಗೆ ಹೋಗುತ್ತಿದ್ದೆ.

ಪೈಲಟ್‌ ಕ್ಯಾಪ್ಟನ್ ಬರುವಾ ಅಸ್ಸಾಮಿನವರು. ನಲವತ್ತರ ಹತ್ತಿರದ ಸಣಕಲು ಮನುಷ್ಯ, ಮದುವೆಯಾಗಿರಲಿಲ್ಲ, ಊರಲ್ಲಿ ತಾಯಿ ಇದ್ದರು. ಕನ್ನಡದಲ್ಲಿ ಅವರಿಗೆ ಬರುತ್ತಿದ್ದುದು ಒಂದೇ ಶಬ್ದ, 'ಗಾಳಿ'. ದಿನಾ ಬೆಳಿಗ್ಗೆ ಒಂದು ಚಿಟಿಕೆ ಮಣ್ಣು ಎತ್ತಿ ಕೆಳಗೆ ಬಿಡುತ್ತ ನನ್ನ ಕಡೆ ನೋಡಿ "ಗಾಳಿ?" ಎನ್ನುವರು. ನಾನು "ಇಲ್ಲ" ಎನ್ನಬೇಕು. ಆಮೇಲೆ ಹಿಂದಿಯಲ್ಲಿ ಇನ್ನೊಂದು ಪ್ರಶ್ನೆ, "ತಾರ್ ಆಯಾ?"

ತಾರ್ ಎಂದರೆ ನಮ್ಮ ತಂತಿ, ಟೆಲಿಗ್ರಾಮ್. ನನ್ನ ಹೆಂಡತಿ ಗಿರಿಜಾ ಬಾದಾಮಿಯ ತವರುಮನೆಯಲ್ಲಿ ದಿನ ತುಂಬಿಕೊಂಡಿದ್ದಳು. ಹಿಂದಿನ ವರ್ಷ ಹುಟ್ಟಿದ ಕೂಸು ಒಂದು ದಿನವೂ ಉಳಿದಿರಲಿಲ್ಲ, ಅವಳೂ ಉಳಿದದ್ದು ದೊಡ್ಡದು. ಈ ಸಲ ಏನೇ ಆದರೂ ತಂತಿ ಹೊಡೆಯಿರಿ ಎಂದು ಮಾವನವರಿಗೆ ಹೇಳಿ, ಹೆಲಿಕಾಪ್ಟರ್ ಇರುವವರೆಗೆ ಆ ಹಳ್ಳಿಯ ಅಂಚೆ ನೋಡಿಕೊಳ್ಳುವ ಪರಪ್ಪಗೌಡರ ವಿಳಾಸ ಕೊಟ್ಟಿದ್ದೆ. ಗೌಡರ ಮನೆಯ ಪಡಸಾಲೆಯೇ ಊರಿನ ಅಂಚೆಕಚೇರಿ. ನಾನು ಪ್ರತಿದಿನ "ಇನ್ನೂ ಇಲ್ಲ" ಎಂದರೆ ಕ್ಯಾಪ್ಟನ್ ನನ್ನ ಬೆನ್ನು ತಟ್ಟಿ ಗಾಜಿನ ಬುರುಡೆಯೊಳಗೆ ಕೂರುತ್ತಿದ್ದರು.

ಇನ್ನು ಮಾಳಪ್ಪ. ಐವತ್ತೈದರ ಕುರುಬ, ಬೀರಪ್ಪನ ಭಕ್ತ, ಹೆಗಲ ಮೇಲೆ ಸದಾ ಕರಿ ಕಂಬಳಿ. ಔಷಧ ಹೊಡೆದ ಹೊಲದ ಬದುವಿನಲ್ಲಿ ಕುರಿ ಮೇಯ್ದರೆ ಸಾಯುತ್ತವೆ. ಯಾವ ದಿನ ಯಾವ ಹೊಲ ಎಂದು ಸುತ್ತಲಿನ ಕುರಿಹಟ್ಟಿಗಳಿಗೆಲ್ಲ ಹೇಳಿ ಬರಲು ಒಬ್ಬ ನಂಬಿಗಸ್ತ ಬೇಕಾಗಿದ್ದ. ಊರವರು ಒಂದೇ ಬಾಯಿಂದ ಮಾಳಪ್ಪನ ಹೆಸರು ಹೇಳಿದರು. ಅವನಿಗೆ ಒಂದು ಮಾತು ಕೊಟ್ಟು ಕಳಿಸಿದರೆ ಆ ಮಾತೇ ಹೋಗಿ ಮುಟ್ಟುತ್ತಿತ್ತು. ಒಂದು ಶಬ್ದ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಎರಡು ಹಿಂಡು ಕೂಡಿ ಮರಿ ಯಾರದೆಂದು ಜಗಳ ಬಿದ್ದರೆ ಉಳಿದವರೆಲ್ಲ ಬೀರಪ್ಪನ ಗುಡಿಯಲ್ಲಿ ಭಂಡಾರ, ಅಂದರೆ ದೇವರ ಅರಿಷಿಣ ಮುಟ್ಟಿ ಆಣೆ ಮಾಡಬೇಕಿತ್ತು. ಮಾಳಪ್ಪ ಮಾತ್ರ ಬರಿಗೈಯಲ್ಲಿ ಹೇಳಿದರೆ ಸಾಕು, ಜಗಳ ಮುಗಿಯುತ್ತಿತ್ತು. ನಾನು ಹೊಸದಾಗಿ ಓದಿಕೊಂಡು ಬಂದವನು, ಔಷಧದ ಗುಣ, ಎಷ್ಟು ದಿನ ಇರುತ್ತದೆ, ಯಾಕೆ ಅಪಾಯ ಎಂದೆಲ್ಲ ಅವನಿಗೆ ವಿವರಿಸಲು ಹೋದರೆ ನಗುತ್ತಿದ್ದ.

"ಒಂದ ಮಾತಿಗಿ ನೀವು ಹತ್ತ ಮಾತ ಆಡ್ತೀರಿ ಸಾಹೇಬ್ರ. ಕುರುಬರಿಗಿ ಅಷ್ಟ ಬ್ಯಾಡ್ರಿ. 'ನಾಳಿ ಹಳ್ಳದ ದಂಡಿ ಹೊಲ' ಅನ್ರಿ, ಸಾಕು."

ಪರಪ್ಪಗೌಡರ ಬಾವಿಯ ಹೊಲದಲ್ಲಿ ಸಾಲಾಗಿ ಕರೆಂಟಿನ ಕಂಬಗಳಿದ್ದವು. ಕಂಬ ನೆಟ್ಟು ಎರಡು ವರ್ಷವಾದರೂ ಅವುಗಳ ಮೇಲೆ ತಂತಿ ಎಳೆದಿರಲಿಲ್ಲ. ಗೌಡರು ಅರ್ಜಿ ಕೊಟ್ಟು ಕೊಟ್ಟು ಬೇಸತ್ತು, "ದನಾ ಮೈ ತಿಕ್ಕಾಕ ಚಲೋ ಆಗ್ಯಾವ" ಎಂದು ನಗೆಯಾಡುತ್ತಿದ್ದರು. ನಾನು ನಕಾಶೆಯಲ್ಲಿ 'ಕಂಬ, ತಂತಿ ಇಲ್ಲ' ಎಂದು ಬರೆದಿದ್ದೆ. ದಸರೆಗೆ ಮೊದಲು ಒಂದು ಸುತ್ತು ಔಷಧ ಹೊಡೆದಾಗ ಕ್ಯಾಪ್ಟನ್ ಎರಡು ಕಂಬಗಳ ನಡುವೆಯೇ ನುಗ್ಗಿ ಹೋಗಿ ಬಂದರು. ಕೆಳಗಿಳಿದ ಮೇಲೆ, ಅದು ನನ್ನ ಬಾಗಿಲು ಎಂದು ನಕ್ಕರು. ನೋಡುತ್ತಿದ್ದ ಊರವರು ಅದನ್ನು ದಿನಗಟ್ಟಲೆ ಹೇಳಿಕೊಂಡರು.

ದಸರೆ ಮುಗಿಯಿತು. ಎರಡನೆಯ ಸುತ್ತನ್ನು ಸೀಗಿ ಹುಣ್ಣಿಮೆಯೊಳಗೆ ಮುಗಿಸಬೇಕೆಂದು ಊರವರ ಹಟ. ಹುಣ್ಣಿಮೆಯ ದಿನ ಬಸುರಿ ಭೂಮಿಗೆ ಬಯಕೆಯ ಊಟವೆಂದು ಹೊಲದ ತುಂಬ ಚರಗ ಚೆಲ್ಲಿ, ಮನೆಮಂದಿಯೆಲ್ಲ ಅಲ್ಲಿಯೇ ಕೂತು ಉಣ್ಣುತ್ತಾರೆ. ವಿಷದ ವಾಸನೆಯಲ್ಲಿ ಹೇಗೆ ಉಣ್ಣುವುದು? ಅವರ ಮಾತು ಸರಿಯೇ ಇತ್ತು. ನಾವು ಒಂದು ದಿನವೂ ಬಿಡದೆ ಕೆಲಸ ಮಾಡಿದೆವು. ಬೆಳಗಿನ ಇಬ್ಬನಿಗೆ ಹತ್ತಿಯ ಎಲೆಗಳು ತೊಯ್ದಿರುತ್ತಿದ್ದವು, ಎರೆ ಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಎತ್ತುವುದೇ ಭಾರವಾಗುತ್ತಿತ್ತು.

ಹುಣ್ಣಿಮೆಗೆ ಮೂರು ದಿನವಿತ್ತು. ಅಂದು ಗೌಡರ ಬಾವಿಯ ಹೊಲದ ಪಾಳಿ. ಮಡ್ಡಿಯ ಮೇಲೆ ಔಷಧ ತುಂಬಿ ಆಗಿತ್ತು, ಯಂತ್ರ ಚಾಲೂ ಆಗಿ ರೆಕ್ಕೆ ತಿರುಗುತ್ತಿತ್ತು. ಮಾಳಪ್ಪ ಕಂಬಳಿ ಸೊಂಟಕ್ಕೆ ಬಿಗಿದುಕೊಂಡು ಓಡುತ್ತ ಬಂದ. ಅವನು ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನನ್ನ ಕಿವಿಯ ಹತ್ತಿರ ಬಾಯಿ ತಂದು ಕೂಗಿದ.

"ಸಾಹೇಬ್ರ, ತಂತಿ ಬಂದೈತಿ."

"ಎಲ್ಲೈತಿ?"

"ಗೌಡ್ರ ಕಡಿ ರಿ."

ಅಷ್ಟೇ. ಇನ್ನೊಂದು ಮಾತು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಗೌಡರ ಕಡೆ ಎಂದರೆ ಗೌಡರ ಹತ್ತಿರ ಎಂದೂ ಆಗುತ್ತದೆ, ಗೌಡರ ಹೊಲದ ದಿಕ್ಕಿಗೆ ಎಂದೂ ಆಗುತ್ತದೆ. ನನ್ನ ತಲೆಯಲ್ಲಿ ಇದ್ದದ್ದು ಬಾದಾಮಿಯೊಂದೇ. ನಾನು ರೆಕ್ಕೆಯ ಕೆಳಗೆ ಬಗ್ಗಿ ಓಡಿ ಹೋಗಿ ಗಾಜು ಬಡಿದು ಕ್ಯಾಪ್ಟನ್‌ಗೆ ಕೂಗಿ ಹೇಳಿದೆ, "ತಾರ್ ಆಯಾ!"

ಅವರ ಮುಖ ಅರಳಿತು. ಹೋಗು ಹೋಗು ಎಂದು ಕೈಬೀಸಿದರು. ನಾನು ಸೈಕಲ್ ಹತ್ತಿದೆ.

ಇದನ್ನು ನಾನು ಎಷ್ಟು ಸಲ ಯೋಚಿಸಿದ್ದೇನೋ ಲೆಕ್ಕವಿಲ್ಲ. ಮಾಳಪ್ಪನ ಮಾತು ಒಂದಕ್ಷರ ತಪ್ಪದೆ, ಹೊತ್ತಿಗೆ ಸರಿಯಾಗಿ, ಪೈಲಟ್‌ನ ಕಿವಿಗೂ ಹೋಗಿತ್ತು. ಹಿಂದಿಯಲ್ಲೂ ಕಂಬದ ಮೇಲಿನ ತಂತಿಗೆ ತಾರ್ ಎಂದೇ ಅನ್ನುತ್ತಾರೆ. ಅವರೂ ದಿನಾ ಕೇಳುತ್ತಿದ್ದ ಪ್ರಶ್ನೆಗೆ ಅದು ಉತ್ತರವೆಂದು ತಿಳಿದರು.

ಗೌಡರ ಮನೆ ಮಡ್ಡಿಯಿಂದ ಒಂದು ಮೈಲಿ. ಅವರ ಹೆಂಡತಿ ಅಂಗಳದಲ್ಲಿ ಸಾರಿಸುತ್ತಿದ್ದರು.

"ತಂತಿ ಬಂದೈತಂತಲ್ರಿ?" ಎಂದೆ, ಸೈಕಲ್ ಇಳಿಯದೆ.

"ಹೌದ್ರಿ, ಬಂತು ಕಡೀಕ. ನಿನ್ನಿ ಸಂಜಿಮುಂದ. ಅವರು ಬಾವಿ ಕಡಿ ಹೋಗ್ಯಾರ, ಕಾಯಿ ಒಡ್ಯಾಕ."

"ನನಗ ಬಂದ ತಂತಿ ಕೇಳಿದ್ನಿರಿ, ಬಾದಾಮಿಯಿಂದ."

ಅವರು ಕೈಯಲ್ಲಿಯ ಸಗಣಿ ಹಾಗೆಯೇ ಹಿಡಿದು ನಕ್ಕರು. "ನಿಮಗ ಬಂದಿಲ್ರಿ. ನಮ್ಮ ಬಾವಿಗಿ ಬಂದೈತಿ, ಕರೆಂಟ್ ತಂತಿ."

ಮಡ್ಡಿಯ ಕಡೆಯಿಂದ ಹೊರಟ ಗಿರಣಿಯ ಸದ್ದು ಊರ ಮೇಲೆ ಹಾದು ಬಾವಿಯ ಹೊಲದ ಕಡೆ ತಿರುಗಿದ್ದು ನನಗೆ ಕೇಳಿಸುತ್ತಿತ್ತು. ನಾನು ಸೈಕಲ್ ಬಿಸಾಕಿ ಹೊಲಗಳ ನಡುವೆ ಓಡಿದೆ. ಹತ್ತಿ ಗಿಡ ಕಾಲಿಗೆ ತೊಡರಿ ಬಿದ್ದೆ. ಎದ್ದು ನಿಲ್ಲುವಷ್ಟರಲ್ಲಿ ಸದ್ದು ಬೇರೆಯಾಯಿತು, ಚಕ್ಕಡಿಯ ಅಚ್ಚು ಮುರಿದಂತೆ ಒಂದು ಸಪ್ಪಳ. ಆಮೇಲೆ ಏನೂ ಇಲ್ಲ. ಅಂಥ ಮೌನವನ್ನು ನಾನು ಮತ್ತೆ ಯಾವತ್ತೂ ಕೇಳಿಲ್ಲ.

ಸೂರ್ಯ ಆಗತಾನೆ ಮೇಲೆ ಬಂದಿದ್ದ. ಹೊಸ ತಂತಿ ಬಿಸಿಲಿಗೆ ಬಿಳಿಯದು, ಎದುರು ಬಿಸಿಲಿನಲ್ಲಿ ಅದು ಕಾಣುವುದು ಶಕ್ಯವಿರಲಿಲ್ಲ. ಹೊಲದ ಎರಡು ತುದಿಗೆ ಬಿಳಿ ನಿಶಾನೆ ಹಿಡಿದು ನಿಂತಿದ್ದ ಆಳುಗಳು ತಂತಿಯನ್ನು ನೋಡಿದ್ದರು. ಮೇಲೆ ಕೂತವರಿಗೆ ಎಲ್ಲ ಕಾಣುತ್ತದೆ ಎಂದು ಸುಮ್ಮನಿದ್ದರಂತೆ. ಗೌಡರು ಕಾಯಿ ಕೈಯಲ್ಲಿ ಹಿಡಿದು ಬಾವಿಯ ದಂಡೆಯ ಮೇಲೆ ನಿಂತವರು ಹಾಗೆಯೇ ನಿಂತಿದ್ದರು. ಹೆಲಿಕಾಪ್ಟರ್ ಬಗ್ಗಿಕೊಂಡು ಮಣ್ಣಿನಲ್ಲಿ ಹೂತಿತ್ತು. ಬಾಲ ಬೇರೆ ಬಿದ್ದಿತ್ತು. ಎಲ್ಲೆಡೆ ಬೆಳ್ಳುಳ್ಳಿಯ ಆ ವಾಸನೆ.

ಕ್ಯಾಪ್ಟನ್‌ಗೆ ಇನ್ನೂ ಉಸಿರಿತ್ತು. ಕಂಬಳಿಯಲ್ಲಿ ಹೊತ್ತು ಜೀಪಿನಲ್ಲಿ ಹಾಕಿದೆವು. ಆ ಕಂಬಳಿ ಮಾಳಪ್ಪನದು, ಸಪ್ಪಳ ಕೇಳಿ ಕುರಿ ಬಿಟ್ಟು ಬಂದಿದ್ದ. ಇಳಕಲ್ಲಿನ ದವಾಖಾನೆ ಇನ್ನೂ ಎರಡು ಮೈಲಿ ಇರುವಾಗ, ಕೆಂಪು ಕಲ್ಲಿನ ಕ್ವಾರಿಯ ತಿರುವಿನಲ್ಲಿ ನನ್ನ ತೊಡೆಯ ಮೇಲಿದ್ದ ತಲೆ ಭಾರವಾಯಿತು. ಅವರು ಏನೂ ಮಾತಾಡಲಿಲ್ಲ. ಮಾತಾಡಿದ್ದರೆ ಏನು ಹೇಳುತ್ತಿದ್ದರೋ ಎಂದು ನಾನು ಈಗಲೂ ಹೆದರುತ್ತೇನೆ.

ಆ ಮಧ್ಯಾಹ್ನ ಇಳಕಲ್ಲಿನ ಅಂಚೆಕಚೇರಿಯಿಂದ ಅಸ್ಸಾಮಿಗೆ, ಅವರ ತಾಯಿಗೆ ತಂತಿ ಹೋಯಿತು. ಬರೆದವನು ನಾನೇ. ನನ್ನ ಇಂಗ್ಲಿಷ್ ಚೆನ್ನಾಗಿದೆ ಎಂದು ಎಲ್ಲರೂ ನನ್ನ ಕಡೆ ನೋಡಿದರು, ಮತ್ತು ನಿಜ ಹೇಳಬೇಕೆಂದರೆ ಆ ಇಂಗ್ಲಿಷಿನ ಬಗ್ಗೆ ನನಗೆ ಜಂಬವೂ ಇತ್ತು. ಅಂದು ನಾಲ್ಕು ಶಬ್ದ ಬರೆಯಲು ನಾಲ್ಕು ಕಾಗದ ಹರಿದೆ.

ಹುಣ್ಣಿಮೆ ಬಂತು. ಆ ಊರಿನವರು ಚರಗ ಚೆಲ್ಲಿದರು, ಆದರೆ ಹೊಲದಲ್ಲಿ ಯಾರೂ ಕೂತು ಉಣ್ಣಲಿಲ್ಲ. ಮರುದಿನ ನನ್ನ ತಂತಿ ಬಂತು. ಹೆಣ್ಣು ಕೂಸು, ತಾಯಿ ಮಗಳು ಇಬ್ಬರೂ ಸುಖವಾಗಿದ್ದಾರೆ. ಗೌಡರು ಅದನ್ನು ನನ್ನ ಕೈಗೆ ಕೊಡುವಾಗ ಮುಖ ಬೇರೆ ಕಡೆ ಮಾಡಿದ್ದರು. ನಾನು ಅಲ್ಲಿಯೇ ಪಡಸಾಲೆಯಲ್ಲಿ ಕೂತು ಅತ್ತೆ. ಯಾತಕ್ಕೆ ಅಳುತ್ತಿದ್ದೇನೆ ಎಂದು ನನಗೇ ತಿಳಿಯಲಿಲ್ಲ.

ವಾರದ ನಂತರ ಹೊರಗಿನಿಂದ ಇಬ್ಬರು ಅಧಿಕಾರಿಗಳು ವಿಚಾರಣೆಗೆ ಬಂದರು. ಹುನಗುಂದದ ಪ್ರವಾಸಿ ಮಂದಿರದಲ್ಲಿ ಮೇಜು ಹಾಕಿದರು. ಅವರಿಗೆ ಕನ್ನಡ ಬಾರದು. ದುಭಾಷಿ ಯಾರು? ನಾನು. ತಪ್ಪು ಮಾಡಿದವನ ಕೈಗೇ ಮಾತಿನ ಕೀಲಿ ಕೊಟ್ಟರು, ಆದರೆ ಅದು ಅವರಿಗೆ ಗೊತ್ತಿರಲಿಲ್ಲ.

ಮೊದಲು ನನ್ನನ್ನೇ ಕೇಳಿದರು. ಮಡ್ಡಿ ಬಿಟ್ಟು ಯಾಕೆ ಹೋದೆ? ತಂತಿ ಎಳೆದದ್ದು ನಿನಗೆ ಯಾರಾದರೂ ತಿಳಿಸಿದ್ದರೇ? ಇಲ್ಲ ಎಂದೆ. ನನಗೆ ಟೆಲಿಗ್ರಾಮ್ ಬಂದಿದೆ ಎಂದು ಒಬ್ಬ ಕುರುಬ ಬಂದು ಹೇಳಿದ, ಅದಕ್ಕೆ ಹೋದೆ ಎಂದೆ. ಆಮೇಲೆ ಮಾಳಪ್ಪನನ್ನು ಕರೆದರು. ಅವನು ಚಪ್ಪಲಿ ಹೊರಗೆ ಬಿಟ್ಟು ಬಂದು ನೆಟ್ಟಗೆ ನಿಂತ. ಏನು ಹೇಳಿದೆ ಎಂದು ನಾನು ಕನ್ನಡದಲ್ಲಿ ಕೇಳಿದೆ.

"'ಸಾಹೇಬ್ರ, ತಂತಿ ಬಂದೈತಿ' ಅಂದೆ ರಿ. 'ಎಲ್ಲೈತಿ' ಅಂದ್ರಿ. 'ಗೌಡ್ರ ಕಡಿ' ಅಂದೆ ರಿ. ಸಾಹೇಬರು ಓಡಿ ಹೋಗಿ ವಿಮಾನದವರಿಗಿ ಹೇಳಿದ್ದ ನೋಡಿದೆ. ಇನ್ನ ಚಿಂತಿಲ್ಲ ಅಂತ ಕುರಿ ಹೊಡ್ಕೊಂಡು ಹೋದ್ನಿರಿ."

ಇಬ್ಬರೂ ಅಧಿಕಾರಿಗಳು ನನ್ನ ಮುಖ ನೋಡಿದರು. ಇಂಗ್ಲಿಷಿನಲ್ಲೂ 'ವಾಯರ್' ಎಂದರೆ ಎರಡೂ ಆಗುತ್ತದೆ. ಹಾಗೆಂದಿದ್ದರೆ ಯಾವ ವಾಯರ್ ಎಂದು ಅವರು ಕೇಳುತ್ತಿದ್ದರು, ಆಗ ಎಲ್ಲ ಹೊರಬೀಳುತ್ತಿತ್ತು. ಮುನ್ನೆಚ್ಚರಿಕೆ ನನ್ನ ಕಿವಿಗೆ ಬಿದ್ದಿತ್ತು, ನಾನೇ ಅದನ್ನು ಕೆಡಿಸಿದ್ದೆ ಎಂದು ಕಾಗದಕ್ಕೆ ಬರುತ್ತಿತ್ತು. ನೌಕರಿ ಹೋಗುತ್ತಿತ್ತು. ಕಿಸೆಯಲ್ಲಿ ಬಾದಾಮಿಯಿಂದ ಬಂದ ತಂತಿ ಇತ್ತು, ಅದನ್ನು ಮುಟ್ಟಿ ನೋಡಿಕೊಂಡೆ. ನಂತರ ಇಂಗ್ಲಿಷಿನಲ್ಲಿ ಹೇಳಿದೆ: 'ನಿಮಗೆ ಟೆಲಿಗ್ರಾಮ್ ಬಂದಿದೆ ಎಂದು ನಾನು ಇವರಿಗೆ ಹೇಳಿದೆ' ಎನ್ನುತ್ತಾನೆ.

ಆ ದಿನ ಟೆಲಿಗ್ರಾಮ್ ಬಂದಿತ್ತೇ ಎಂದು ಕೇಳಿದರು. ಇಲ್ಲ ಎಂದೆ. ಬರೆದುಕೊಂಡರು. ಮಾಳಪ್ಪ ನನ್ನ ಮಾತು ಮುಗಿದದ್ದನ್ನು ನೋಡಿ, ತನ್ನ ಮಾತು ಮುಟ್ಟಿತೆಂದು ಕೈಮುಗಿದು ಹೊರಗೆ ಹೋದ.

ನಾನು ಸೇರಿಸಿದ್ದು ಒಂದೇ ಶಬ್ದ, 'ನಿಮಗೆ'. ಹತ್ತು ಮಾತಾಡುವ ನನಗೆ ಅದು ದೊಡ್ಡದೆನ್ನಿಸಲಿಲ್ಲ. ಪರಪ್ಪಗೌಡರಿಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು, ಅವರು ಬಾಗಿಲಲ್ಲಿ ನಿಂತು ಕೇಳಿದ್ದರು. ಊರಿಗೆ ಹೋಗುವ ದಾರಿಯಲ್ಲಿ ನನ್ನನ್ನು ನಿಲ್ಲಿಸಿದರು.

"ಖರೇ ಹೇಳ್ರಿ. ಮಾಳ್ಯಾ 'ನಿಮಗ ತಂತಿ ಬಂದೈತಿ' ಅಂದ್ನ್ಯಾ, ಬರೇ 'ತಂತಿ ಬಂದೈತಿ' ಅಂದ್ನ್ಯಾ?"

"'ನಿಮಗ' ಅಂದ" ಎಂದೆ.

ಅವರು ದೊಡ್ಡ ಉಸಿರು ಬಿಟ್ಟರು. ತಂತಿ ಅವರ ಬಾವಿಗೆ ಬಂದದ್ದು. ತಪ್ಪು ಬೇರೆಯವರದೆಂದು ಆದರೆ ಅವರಿಗೂ ಒಂದು ಭಾರ ಇಳಿಯುತ್ತಿತ್ತು. ಅವರನ್ನು ನಾನು ದೂರುವುದಿಲ್ಲ. ಸಂಜೆಯೊಳಗೆ ಊರೆಲ್ಲ ತಿಳಿಯಿತು. ಮಾಳಪ್ಪ ಇಲ್ಲದ ಟೆಲಿಗ್ರಾಮ್ ಬಂದಿದೆ ಎಂದು ಹೇಳಿ ಸಾಹೇಬರನ್ನು ಮಡ್ಡಿಯಿಂದ ಕದಲಿಸಿದ, ಅದಕ್ಕೇ ಒಂದು ಜೀವ ಹೋಯಿತು. ಅವನು ಬಾಯಿಬಿಟ್ಟು 'ನಿಮಗ' ಅಂದಿಲ್ಲ ಎಂದ. ಓದಿದ ಸಾಹೇಬರೇ 'ಅಂದ' ಎನ್ನುತ್ತಾರಲ್ಲ ಎಂದರು ಜನ. ಮುಂದಿನ ಸಲ ಮರಿಯ ಜಗಳ ಬಂದಾಗ, ಉಳಿದವರಂತೆ ಅವನಿಗೂ ಭಂಡಾರ ಮುಟ್ಟಿ ಹೇಳು ಎಂದರಂತೆ. ಅವನು ಮುಟ್ಟದೆ ಎದ್ದು ಹೋದನಂತೆ. ಅಲ್ಲಿಂದ ಮುಂದೆ ಯಾರೂ ಅವನ ಕೈಯಲ್ಲಿ ಮಾತು ಕೊಟ್ಟು ಕಳಿಸಲಿಲ್ಲ.

ನನ್ನನ್ನು ಬಾದಾಮಿಗೆ ವರ್ಗ ಮಾಡಿದರು. ಸ್ಟೇಷನ್ ರಸ್ತೆಯಲ್ಲಿ ಮನೆ ಮಾಡಿದೆವು. ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಮಾಳಪ್ಪ ಬಾಗಿಲಿಗೆ ಬಂದ. ಕುರಿ ಹೊಡೆದುಕೊಂಡು ಈ ಕಡೆ ಬಂದವನು ವಿಳಾಸ ಕೇಳಿಕೊಂಡು ಬಂದಿದ್ದ. ಹೆಗಲ ಮೇಲೆ ಬೇರೆ ಕಂಬಳಿ ಇತ್ತು. ಗಿರಿಜಾ ರೊಟ್ಟಿ ಹಾಕುತ್ತೇನೆಂದರೂ ಉಣ್ಣಲಿಲ್ಲ, ನೀರು ಮಾತ್ರ ಕುಡಿದ. ತೊಟ್ಟಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಕೂಸನ್ನು ನೋಡಿದ.

"ಸಾಹೇಬ್ರ, ಒಂದ ಕೇಳಾಕ ಬಂದೀನಿ. ನಾ ಆವತ್ತ 'ನಿಮಗ' ಅಂದ್ನೇನ್ರಿ?"

ಸಿಟ್ಟಿರಲಿಲ್ಲ ಆ ದನಿಯಲ್ಲಿ. ನನ್ನನ್ನು ಹಿಡಿಯಲು ಬಂದವನಂತಿರಲಿಲ್ಲ. ಅವನು ಖರೆಯಾಗಿಯೂ ಕೇಳುತ್ತಿದ್ದ. ತಾನು ಆಡಿದ ಮಾತಿನ ಮೇಲೆ ಅವನಿಗೇ ನಂಬಿಕೆ ಹೋಗಲು ಶುರುವಾಗಿತ್ತು. ಇಲ್ಲ ಎಂದು ಒಂದು ಶಬ್ದ ಹೇಳಿದ್ದರೆ ಸಾಕಿತ್ತು. ಒಳಗೆ ಗಿರಿಜಾ ಇದ್ದಳು. ಅವಳಿಗೂ ನಾನು ಏನೂ ಹೇಳಿರಲಿಲ್ಲ.

"ಯಂತ್ರದ ಸಪ್ಪಳ ಭಾಳ ಇತ್ತು, ಮಾಳಪ್ಪ. ನನಗ ಹಂಗ ಕೇಳಿಸ್ತು."

ಅವನು ತಲೆಯಾಡಿಸಿದ. "ಅಂದಿರಬೇಕ ಬಿಡ್ರಿ. ಓಡಿ ಬಂದಿದ್ದೆ, ತ್ರಾಸಿನ್ಯಾಗ ಬಾಯಿ ತಪ್ಪಿ ಅಂದಿರಬೇಕು."

ಸೊಂಟದ ಚೀಲದಿಂದ ಒಂದು ಚಿಟಿಕೆ ಭಂಡಾರ ತೆಗೆದು ಕೂಸಿನ ಹಣೆಗೆ ಹಚ್ಚಿ ಎದ್ದು ಹೋದ. ಮಗಳ ಹಣೆ ಸಂಜೆಯವರೆಗೆ ಹಳದಿಯಾಗಿತ್ತು, ನಾನು ಅವಳನ್ನು ಎತ್ತಿಕೊಳ್ಳಲಿಲ್ಲ.

ನನ್ನ ನೌಕರಿ ಕಾಯಂ ಆಯಿತು. ಬಡ್ತಿಯೂ ಸಿಕ್ಕಿ ಬಾಗಲಕೋಟೆಗೆ ಬಂದೆವು. ಎಂಬತ್ತರ ದಶಕದ ನಡುವಿನಲ್ಲಿ ಯಾರೋ ಮಾಳಪ್ಪ ತೀರಿಕೊಂಡ ಸುದ್ದಿ ಹೇಳಿದರು. ಹೋಗಬೇಕೆಂದುಕೊಂಡೆ, ಹೋಗಲಿಲ್ಲ. ಆಮೇಲೆ ಹಳೆ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಿಗೆ ಹೋಯಿತು, ನಾವು ನವನಗರಕ್ಕೆ ಬಂದೆವು, ನನಗೆ ನಿವೃತ್ತಿಯಾಯಿತು. ತಂತಿ ಕಳಿಸುವ ಪದ್ಧತಿಯನ್ನೇ ಸರಕಾರ ನಿಲ್ಲಿಸಿದ ದಿನ ಪೇಪರು ಓದಿ ಏನೋ ಬಿಡುಗಡೆಯಾದಂತೆ ಕೂತಿದ್ದೆ. ಎಂಥ ದಡ್ಡ ನಾನು.

ಇಳಕಲ್ಲಿನಲ್ಲಿ ಬಸ್ಸು ಬಿಟ್ಟ ಆ ಮಧ್ಯಾಹ್ನ ಅದೇ ಡ್ರೈವರನಿಗೆ, ನನ್ನನ್ನು ಆ ಊರಿಗೆ ಬಿಡುತ್ತೀಯಾ ಎಂದು ಕೇಳಿದೆ. ಬಿಟ್ಟ. ಈಗ ಆ ಹೊಲಗಳಲ್ಲಿ ಹತ್ತಿ ಕಡಿಮೆ, ತಂತಿ ಎಲ್ಲೆಲ್ಲೂ. ಮಾಳಪ್ಪನ ಮಗಳು ಬೀರವ್ವ ಮನೆಯ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದಳು. ಅವಳಿಗೂ ಈಗ ಎಪ್ಪತ್ತರ ಹತ್ತಿರ. ನಾನು ಯಾರೆಂದು ಹೇಳಬೇಕಾಗಲಿಲ್ಲ.

"ಔಷಧದ ಸಾಹೇಬ್ರಲ್ಲ ನೀವು?" ಅಂದಳು.

ಅವಳ ಎದುರು ಕೂತು ಎಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ, ಎಳೆ ಬರುತ್ತಲೇ ಇತ್ತು.

"ಸಾಯೂ ಹೊತ್ತಿನ್ಯಾಗೂ ಕೇಳ್ತಿದ್ರಿ ನಮ್ಮಪ್ಪ. 'ಬೀರಿ, ನಾ ನಿಮಗ ಅಂದ್ನೇನ ಬೇ' ಅಂತ. ನಾ ಇಲ್ಲೋ ಯಪ್ಪಾ ಅಂತಿದ್ದೆ. 'ನೀ ಅಲ್ಲಿ ಇದ್ದಿಲ್ಲ, ನಿನಗ ಹೆಂಗ ಗೊತ್ತು' ಅಂತಿದ್ದ."

ನಾನು ಅವಳ ಕಾಲು ಮುಟ್ಟಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ನನಗ ಯಾಕ ಹೇಳ್ತೀರಿ ಇದನ್ನ? ನಾ ಎಂದ ನಮ್ಮಪ್ಪ ಸುಳ್ಳ ಅಂದಿದ್ದೆ? ಅಂದವರ ಮುಂದ ಹೇಳ್ರಿ. ಏಳ್ರಿ."

ಬೀರಪ್ಪನ ಗುಡಿ ಹತ್ತು ಹೆಜ್ಜೆಯ ಮೇಲಿತ್ತು. ಇಳಿಬಿಸಿಲಿನಲ್ಲಿ ಕಟ್ಟೆಯ ಮೇಲೆ ಹತ್ತು ಹನ್ನೆರಡು ಗಂಡಸರು ಕೂತಿದ್ದರು, ಒಬ್ಬಿಬ್ಬರು ಮುದುಕರು, ಉಳಿದವರು ಅಂದು ಹುಟ್ಟಿರದವರು. ಟೆಂಪೊ ಡ್ರೈವರನೂ ಬಂದು ನಿಂತ. ಬೀರವ್ವ ಒಳಗೆ ಹೋಗಿ ತಾಟಿನಿಂದ ಒಂದು ಮುಷ್ಟಿ ಭಂಡಾರ ತಂದು ನನ್ನ ಅಂಗೈಗೆ ಸುರಿದಳು. ಅರಿಷಿಣ ತಣ್ಣಗಿತ್ತು, ಬೆವರಿಗೆ ಕೈಗೆ ಅಂಟಿಕೊಂಡಿತು. ನಾನು ಒಂದು ಮಾತಿಗೆ ಹತ್ತು ಮಾತಾಡುವವನು, ಅಂದು ಅವನಷ್ಟೇ ಆಡಬೇಕೆಂದುಕೊಂಡೆ.

"ಮಾಳಪ್ಪ 'ತಂತಿ ಬಂದೈತಿ' ಅಂದ" ಎಂದೆ. "'ನಿಮಗ' ಅಂತ ಅಂದಿಲ್ಲ. ಅದು ನಾ ಸೇರಿಸಿದ್ದು."